ಕಾರ್ಲ್ಟನ್ ಚಾಪ್ಮನ್: ನಮ್ಮ ರಾಜ್ಯದ ಈ ಆಟಗಾರ ನಮ್ಮ ಹುಡುಗರಿಗೆ ಯಾಕೆ ಗೊತ್ತಿಲ್ಲ?

ಸುಂಟಿಕೊಪ್ಪ ಸೆಂಟರ್

ಕೊಡಗಿನ ಆಟಪ್ರಿಯರ ಈ ಗುಂಪಿನಲ್ಲಿ ಮೆಸ್ಸಿ, ರೊನಾಲ್ಡೊ ಬಗ್ಗೆ ದಿನಕ್ಕೊಂದು ಚರ್ಚೆ ಹುಟ್ಟುತ್ತದೆ. ಹುಟ್ಟಲಿ, ಸಂತೋಷ. ಸುನಿಲ್ ಚೆಟ್ರಿ ಬಗ್ಗೆಯೂ ಬೇಕಾದಷ್ಟು ಬರೆದಿದ್ದೇವೆ. ಕೇರಳದ ಕಡೆ ನೆಂಟಸ್ತಿಕೆ ಇರುವವರು ಐ.ಎಂ. ವಿಜಯನ್ ಹೆಸರು ಹೇಳದೆ ಮಾತು ಮುಗಿಸುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಹುಟ್ಟಿ, ಭಾರತ ಫುಟ್‌ಬಾಲ್ ತಂಡದ ನಾಯಕರಾಗಿ, ಕಲ್ಕತ್ತಾದಲ್ಲೂ ಪಂಜಾಬಿನಲ್ಲೂ ಕಪ್ ಎತ್ತಿದ ಕಾರ್ಲ್ಟನ್ ಚಾಪ್ಮನ್ ಹೆಸರು ಹಾಕಿ ಹುಡುಕಿದರೆ ಇಲ್ಲಿ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದ ಹುಡುಗರಿಗಾಗಿ ಸ್ವಲ್ಪ ವಿವರ. ಹುಟ್ಟಿದ್ದು 1971ರ ಏಪ್ರಿಲ್ 13. ಮೊದಲ ತರಬೇತಿ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. ಆ ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷ. ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು, ಆಟವನ್ನೇ ವಿದ್ಯೆಯ ಹಾಗೆ ಕಲಿಸುತ್ತಿದ್ದ ಜಾಗ ಅದು. ಅಲ್ಲಿಂದ 1993ರಲ್ಲಿ ನೇರ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್. ಆ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಆ ಆಟದಲ್ಲಿ ಹ್ಯಾಟ್ರಿಕ್ ಹೊಡೆದದ್ದು ಇಪ್ಪತ್ತೆರಡು ವರ್ಷದ, ಮೈದಾನದ ಮಧ್ಯದಲ್ಲಿ ಆಡುವ ನಮ್ಮ ಮಿಡ್‌ಫೀಲ್ಡರ್!

1995ರಲ್ಲಿ ಪಂಜಾಬಿನ ಫಗ್ವಾರಾದ ಜೆಸಿಟಿ ಮಿಲ್ಸ್ ಸೇರಿದರು. ಮುಂದೆ ವಿಜಯನ್, ಬೈಚುಂಗ್ ಭುಟಿಯಾ; ಅವರ ಹಿಂದೆ ಚಾಪ್ಮನ್. ಎರಡು ಮೂರು ವರ್ಷದೊಳಗೆ ಆ ತಂಡ 14 ಟೂರ್ನಿ ಗೆದ್ದಿತು. 1996-97ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ನಡೆದಾಗ ಚಾಂಪಿಯನ್ ಆದದ್ದೂ ಜೆಸಿಟಿಯೇ. ಆಮೇಲೆ ಸ್ವಲ್ಪ ಕಾಲ ಎಫ್‌ಸಿ ಕೊಚ್ಚಿನ್, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ತಂಡದ ನಾಯಕ ಅವರೇ. ಅದೇ ವರ್ಷ ಆಟಕ್ಕೆ ವಿದಾಯ. 1997ರಲ್ಲಿ ಕಠ್ಮಂಡುವಿನಲ್ಲಿ ಭಾರತ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗಲೂ ನಾಯಕನ ಪಟ್ಟಿ ಅವರ ತೋಳಲ್ಲಿತ್ತು. ಫೈನಲ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 5-1.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು.

ನನ್ನ ಪ್ರಶ್ನೆ ಇಷ್ಟೇ. ಇಷ್ಟೆಲ್ಲ ಮಾಡಿದವರು ನಮ್ಮ ರಾಜ್ಯದ ಹುಡುಗರ ಬಾಯಲ್ಲಿ ಯಾಕೆ ಇಲ್ಲ? ನನಗನಿಸುವ ಉತ್ತರ, ಅವರು ಮಿಡ್‌ಫೀಲ್ಡರ್ ಆಗಿದ್ದರು. ನಾವು ಗೋಲು ಹೊಡೆದವರನ್ನು ಮಾತ್ರ ನೆನಪಿಡುತ್ತೇವೆ.

ಕಾಫಿ ಕಣ

ಅಣ್ಣಾ, ತೀರಿಕೊಂಡ ಸುದ್ದಿ ಪೇಪರಲ್ಲಿ ಓದಿದ್ದು ಮಾತ್ರ ನೆನಪು. ಕೊರೊನಾ ಕಾಲ, ದಿನಾ ಸಾವಿನ ಸುದ್ದಿಯೇ ಇತ್ತು. ಅದರಲ್ಲಿ ಇದೂ ಒಂದಾಗಿ ಹೋಯಿತು. ಅವರು ಬೆಂಗಳೂರಿನವರು ಅಂತ ಈಗಲೇ ತಿಳಿದದ್ದು. ಬರೆದಿದ್ದಕ್ಕೆ ಥ್ಯಾಂಕ್ಸ್.

ವಿರಾಜಪೇಟೆ ಗ್ಯಾಲರಿ

ನೀವು ಹೇಳಿದ್ದರಲ್ಲಿ ಒಂದು ಮಾತನ್ನು ಒಪ್ಪುವುದಿಲ್ಲ. ವಿಜಯನ್ ನೆನಪಿನಲ್ಲಿ ಉಳಿದದ್ದು ಬರೀ ಗೋಲಿನಿಂದ ಅಲ್ಲ. ತ್ರಿಶ್ಶೂರಿನ ಸ್ಟೇಡಿಯಂನಲ್ಲಿ ಸೋಡಾ ಬಾಟಲಿ ಮಾರುತ್ತಿದ್ದ ಹುಡುಗ ಅದೇ ಊರಿನ ಹೆಮ್ಮೆಯಾದರು, ಕೇರಳ ಪೊಲೀಸ್ ತಂಡ ಸೇರಿದರು, ಭಾರತಕ್ಕೆ ಆಡಿದರು, 2025ರಲ್ಲಿ ಪದ್ಮಶ್ರೀಯೂ ಬಂತು. 1999ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭೂತಾನ್ ವಿರುದ್ಧ ಹನ್ನೆರಡನೇ ಸೆಕೆಂಡಿಗೇ ಗೋಲು! ಈ ಕಥೆಯನ್ನು ಕೇರಳದವರು ಮಕ್ಕಳಿಗೆ ಹೇಳುತ್ತಾರೆ. ನಮ್ಮ ಮನೆಯಲ್ಲೂ ಮಾವಂದಿರು ಹೇಳುತ್ತಿದ್ದರು. ಹೇಳುವವರು ಇದ್ದರು, ಹಾಗಾಗಿ ವಿಜಯನ್ ಉಳಿದರು. ಚಾಪ್ಮನ್ ಬಗ್ಗೆ ಹೇಳುವವರು ಈ ಕಡೆ ಇರಲಿಲ್ಲ. ಸಮಸ್ಯೆ ಅಲ್ಲಿದೆ.

ನನಗೆ ಚಾಪ್ಮನ್ ಹೆಸರು ಗೊತ್ತಾದದ್ದು ಎಫ್‌ಸಿ ಕೊಚ್ಚಿನ್‌ನಿಂದ. 1997ರಲ್ಲಿ ಆ ಕ್ಲಬ್ ಹುಟ್ಟಿದಾಗ ಮಲಬಾರಿನಲ್ಲೂ ಇಲ್ಲಿ ನಮ್ಮ ಪೇಟೆಯಲ್ಲೂ ಅದರದೇ ಮಾತು. ವಿಜಯನ್, ಜೋ ಪಾಲ್ ಅಂಚೇರಿ, ಚಾಪ್ಮನ್. ಮೊದಲ ವರ್ಷವೇ ಡ್ಯುರಾಂಡ್ ಕಪ್ ಗೆದ್ದರು, ಕೇರಳದ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. ಹಣಕಾಸಿನ ತೊಂದರೆಯಿಂದ ಕ್ಲಬ್ ಹೆಚ್ಚು ಕಾಲ ಬಾಳಲಿಲ್ಲ, ಅದು ಬೇರೆ ನೋವು.

ಹಳೇ ರೈಟ್ ಹಾಫ್

ನಾನು ಹಾಕಿಯವನು. ಫುಟ್‌ಬಾಲ್ ಚರ್ಚೆಯಲ್ಲಿ ಬರೆಯುವುದು ಅಪರೂಪ. ಆದರೆ ಸುಂಟಿಕೊಪ್ಪದವರ ಮಾತು ನೇರ ನನ್ನ ಜಾಗಕ್ಕೇ ಬಂದು ತಾಗಿತು.

ಕೊಡಗಿನಲ್ಲಿ ಮಧ್ಯದಲ್ಲಿ ಆಡುವವನ ಬೆಲೆ ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರಲ್ಲಿ ಸೋಲ್‌ನಲ್ಲಿ ಭಾರತವನ್ನು ಮುನ್ನಡೆಸಿದ ಎಂ.ಎಂ. ಸೋಮಯ್ಯ ಹಾಫ್, ಅಂದರೆ ಮಧ್ಯದ ಆಟಗಾರರು. ಲಂಡನ್ ಮತ್ತು ರಿಯೊ ಒಲಿಂಪಿಕ್ಸ್ ಆಡಿದ ಎಸ್.ಕೆ. ಉತ್ತಪ್ಪ ಮಿಡ್‌ಫೀಲ್ಡರ್. ಅವರ ಗೋಲು ಎಷ್ಟು ಅಂತ ನಾವು ಯಾರೂ ಕೇಳಲಿಲ್ಲ. ಕೊಡವ ಮನೆತನಗಳ ಕೌಟುಂಬಿಕ ಹಾಕಿಗೆ ಬಂದು ಕೂತ ಅಜ್ಜಿಯಂದಿರೂ ಹಾಫ್ ಲೈನ್ ಸೋತರೆ ತಂಡ ಸೋತಿತು ಅಂತ ಹೇಳಿಬಿಡುತ್ತಾರೆ. ಫಾರ್ವರ್ಡ್ ಓಡುವುದು ಎಲ್ಲರಿಗೂ ಕಾಣುತ್ತದೆ. ಅವನಿಗೆ ಚೆಂಡು ಬರುವ ಮೊದಲು ಎದುರಾಳಿಯ ಕಾಲು ಯಾವ ಕಡೆ ತಿರುಗಿದೆ ಅಂತ ನೋಡಿ, ಅರ್ಧ ಕ್ಷಣ ತಡೆದು, ಆಮೇಲೆ ಬಿಡುವವನು ಹಾಫ್.

ಫುಟ್‌ಬಾಲಿನಲ್ಲಿ ಮಾತ್ರ ನಾವು ಈ ಕಣ್ಣನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಯಾಕೆ ಅಂತ ನನಗೂ ಕಾಡುತ್ತದೆ.

ಕುಶಾಲನಗರ 23

ಎಲ್ಲರ ಮೇಲೂ ಗೌರವ ಇದೆ, ಆದರೂ ಕೇಳುತ್ತೇನೆ. ಚಾಪ್ಮನ್ ಅಂತರರಾಷ್ಟ್ರೀಯ ಗೋಲುಗಳು ಒಂದಂಕಿ ದಾಟಿಲ್ಲ. ಅರ್ಜುನ ಪ್ರಶಸ್ತಿ ಇಲ್ಲ. ಆಗಿನ ಭಾರತ ತಂಡ ಏಷ್ಯಾದಲ್ಲೇ ದೊಡ್ಡದೇನೂ ಸಾಧಿಸಿರಲಿಲ್ಲ. ಸ್ಯಾಫ್ ಕಪ್ ಅಂದರೆ ನಮ್ಮ ಅಕ್ಕಪಕ್ಕದ ದೇಶಗಳು. ಹಾಗಿರುವಾಗ ಚೆಟ್ರಿ ಸಾಲಿನಲ್ಲಿ ಇಟ್ಟು ಮಾತಾಡುವುದು ಸರಿಯಾ? 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಆಟದಲ್ಲೇ ಗೋಲು ಹೊಡೆದ ಚೆಟ್ರಿ, 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ವಿದಾಯದ ಆಟ ಆಡುವಾಗ 94 ಗೋಲು ಇತ್ತು. ಅಂಕಿಗಳಿಗೂ ಬೆಲೆ ಇದೆ ಅಲ್ವಾ?

ಸುಂಟಿಕೊಪ್ಪ ಸೆಂಟರ್

ಬೆಲೆ ಇದೆ ತಮ್ಮಾ. ಚೆಟ್ರಿಯವರನ್ನು ಕೆಳಗಿಳಿಸುವ ಮಾತು ನಾನು ಆಡಿಲ್ಲ, ಆಡುವುದೂ ಇಲ್ಲ. ಆದರೆ ಅಂಕಿ ಯಾವುದನ್ನು ಅಳೆಯುತ್ತದೆ ಅಂತ ನೋಡಬೇಕು. 1996-97ರ ಆ ಮೊದಲ ರಾಷ್ಟ್ರೀಯ ಲೀಗಿನಲ್ಲಿ ಭುಟಿಯಾ 14 ಗೋಲು ಹೊಡೆದು ಮೊದಲ ಸ್ಥಾನದಲ್ಲಿದ್ದರು. ಆ ಸಂಖ್ಯೆ ಇವತ್ತಿಗೂ ಎಲ್ಲ ಕಡೆ ಸಿಗುತ್ತದೆ. ಆ ಹದಿನಾಲ್ಕಕ್ಕೆ ಯಾರು ಯಾರು ಪಾಸ್ ಕೊಟ್ಟರು ಅನ್ನುವ ಲೆಕ್ಕ ಹುಡುಕಿ ನೋಡು. ಈಗ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ ಆಟ ಮುಗಿದ ಐದು ನಿಮಿಷಕ್ಕೆ ಪಾಸ್ ಎಷ್ಟು, ಚೆಂಡು ಕಸಿದದ್ದು ಎಷ್ಟು, ಓಡಿದ ದೂರ ಎಷ್ಟು ಅಂತ ಪರದೆ ಮೇಲೆ ಬರುತ್ತದೆ. ಆಗ ಗೋಲು ಹೊಡೆದವರ ಹೆಸರು ಪೇಪರಲ್ಲಿ ಬಂದರೆ ಮುಗಿಯಿತು.

ಇನ್ನು ಆ ಕಾಲದ ಭಾರತ ತಂಡದ ಬಗ್ಗೆ. ಫಿಫಾ ಪಟ್ಟಿಯಲ್ಲಿ ಭಾರತದ ಇದುವರೆಗಿನ ಅತ್ಯುತ್ತಮ ಸ್ಥಾನ 94. ಅದು ಬಂದದ್ದು 1996ರ ಫೆಬ್ರವರಿಯಲ್ಲಿ, ವಿಜಯನ್, ಭುಟಿಯಾ, ಚಾಪ್ಮನ್ ಆಡುತ್ತಿದ್ದ ಕಾಲದಲ್ಲಿ. ಆಮೇಲೆ ಅಷ್ಟು ಮೇಲಕ್ಕೆ ನಾವು ಹೋಗಿಲ್ಲ.

ಇರಾಕಿನ ವಿಷಯವನ್ನೂ ತಗೋ. 2016ರಲ್ಲಿ ಬೆಂಗಳೂರು ಎಫ್‌ಸಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದಾಗ ಇಡೀ ರಾಜ್ಯ ಹೆಮ್ಮೆಪಟ್ಟಿತು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ ಒಂದೇ ಗೋಲಿನಿಂದ ಸೋತೆವು. ನಾನೂ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಅದೇ ಇರಾಕಿನ ಇನ್ನೊಂದು ದೊಡ್ಡ ಕ್ಲಬ್‌ಗೆ ಅದಕ್ಕಿಂತ ಇಪ್ಪತ್ತಮೂರು ವರ್ಷ ಮೊದಲು ನಮ್ಮ ಬೆಂಗಳೂರಿನ ಹುಡುಗ ಒಂದೇ ಆಟದಲ್ಲಿ ಮೂರು ಗೋಲು ಹೊಡೆದಿದ್ದರು. ಇದನ್ನು ಅವತ್ತು ಟೀವಿ ಮುಂದೆ ಕೂತಿದ್ದ ಎಷ್ಟು ಜನರಿಗೆ ಗೊತ್ತಿತ್ತು?

ಸೋಮವಾರಪೇಟೆ ಪಿಟಿ ಟೀಚರ್

ನಾನು ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಫುಟ್‌ಬಾಲ್ ಕಲಿಸುತ್ತೇನೆ. ಚಾಪ್ಮನ್ ಸರ್ ಆಟದ ವಿಡಿಯೊ ಚೂರುಪಾರು ಮಾತ್ರ ನೋಡಿದ್ದೇನೆ, ಆದ್ದರಿಂದ ಆಟದ ಬಗ್ಗೆ ದೊಡ್ಡ ಮಾತು ಹೇಳುವುದಿಲ್ಲ. ಒಂದು ಪ್ರಶ್ನೆ ಇದೆ. ಬೆಂಗಳೂರಿನವರು ಇಷ್ಟು ಒಳ್ಳೆಯ ಆಟಗಾರರಾಗಿದ್ದರೆ ಜಮ್ಷೆಡ್‌ಪುರ, ಕಲ್ಕತ್ತಾ, ಫಗ್ವಾರಾ ಅಂತ ಯಾಕೆ ಹೋಗಬೇಕಾಯಿತು? ಇಲ್ಲೇ ಕ್ಲಬ್ ಇರಲಿಲ್ವಾ?

ಗೌತಮಪುರದ ಅಳಿಯ

ಟೀಚರ್, ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಊರು ಸಿದ್ದಾಪುರ, ಹೆಂಡತಿ ಮನೆ ಬೆಂಗಳೂರಿನ ಗೌತಮಪುರ. ಪೆಲೆ ಪ್ರತಿಮೆ ಇರುವ ಆ ಬೀದಿಯಲ್ಲಿ ಸಂಜೆ ಕೂತರೆ ಹಿರಿಯರು ಹಳೇ ಆಟಗಾರರ ಹೆಸರನ್ನು ಒಂದೊಂದಾಗಿ ಎಣಿಸುತ್ತಾರೆ.

ಬೆಂಗಳೂರಿನ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 2-1ರಿಂದ ಸೋತಾಗ ನಮ್ಮ ಆ ಒಂದು ಗೋಲು ಹೊಡೆದದ್ದು ಎಸ್. ರಾಮನ್, ನಮ್ಮ ಮೈಸೂರು ತಂಡದ ಆಟಗಾರ. ಹೆಚ್ಚಿನವರು ಬರಿಗಾಲಲ್ಲೇ ಆಡಿದ ಆಟ ಅದು. ಈಸ್ಟ್ ಬೆಂಗಾಲ್‌ನಲ್ಲಿ ಪಂಚ ಪಾಂಡವರು ಅಂತ ಐದು ಜನ ಫಾರ್ವರ್ಡ್‌ಗಳಿಗೆ ಹೆಸರಿತ್ತು. ಅದರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು, 1948 ಮತ್ತು 1952ರ ಎರಡು ಒಲಿಂಪಿಕ್ಸ್ ಆಡಿದವರು. ಮೈಸೂರು ರಾಜ್ಯದ ಹೆಸರಿನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ನಾಲ್ಕು ಬಾರಿ ಗೆದ್ದಿದ್ದೇವೆ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿದ್ದು ನಮ್ಮ ಐಟಿಐ, ದೂರವಾಣಿ ಕಾರ್ಖಾನೆಯ ತಂಡ!

ಅದೇ ಉತ್ತರ. ಇಲ್ಲಿನ ಫುಟ್‌ಬಾಲ್ ನಿಂತಿದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳ ಮೇಲೆ, ಸೈನ್ಯದ ತಂಡಗಳ ಮೇಲೆ. ಆಟಗಾರನಿಗೆ ಅಲ್ಲಿ ಸಿಗುತ್ತಿದ್ದದ್ದು ಉದ್ಯೋಗ. ಶಿಫ್ಟ್ ಮುಗಿಸಿ ಅಭ್ಯಾಸ, ನಿವೃತ್ತಿಯ ತನಕ ಸಂಬಳ. ಮನೆ ನಡೆಸುವವರಿಗೆ ಅದು ದೊಡ್ಡ ಆಸರೆ. ಆದರೆ ಆಟವನ್ನೇ ಬದುಕು ಮಾಡಿಕೊಳ್ಳಬೇಕು, ದೊಡ್ಡ ಜನಸಾಗರದ ಮುಂದೆ ಆಡಬೇಕು ಅನ್ನುವವನು ಕಲ್ಕತ್ತಾ ರೈಲು ಹತ್ತಲೇಬೇಕಿತ್ತು. ಅಹ್ಮದ್ ಖಾನ್ ಹತ್ತಿದರು, ನಲವತ್ತು ವರ್ಷದ ಮೇಲೆ ಚಾಪ್ಮನ್ ಹತ್ತಿದರು. ವೃತ್ತಿಪರ ಕ್ಲಬ್ ಬೆಂಗಳೂರಿಗೆ ಗಟ್ಟಿಯಾಗಿ ಬಂದದ್ದು 2013ರಲ್ಲಿ. ಚಾಪ್ಮನ್ ಅದಕ್ಕೆ ಹನ್ನೆರಡು ವರ್ಷ ಮೊದಲೇ ಆಟ ಬಿಟ್ಟಿದ್ದರು.

ಹೀಗಾಗಿ ಅವರ ಒಳ್ಳೆಯ ಆಟವೆಲ್ಲ ನಡೆದದ್ದು ನಮ್ಮ ಕಣ್ಣಿಗೆ ದೂರ. ಬಂಗಾಳದವರಿಗೆ ಅವರು ಇವತ್ತಿಗೂ ಮನೆಯವರ ಹಾಗೆ.

ಹಳೇ ರೈಟ್ ಹಾಫ್

ಕಲ್ಕತ್ತಾ ಲೀಗ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿನ ಲೀಗ್ ಮಳೆಗಾಲದ ಆಟ. ನಮ್ಮಲ್ಲಿ ಜುಲೈ ಆಗಸ್ಟ್‌ನಲ್ಲಿ ಕೆಸರುಗದ್ದೆ ಆಟ ಆಡಿದವರಿಗೆ ಗೊತ್ತು, ನೀರು ನಿಂತ ನೆಲದಲ್ಲಿ ಚೆಂಡು ನಾವು ಕಳಿಸಿದ ಕಡೆ ಹೋಗುವುದಿಲ್ಲ, ಅರ್ಧದಲ್ಲೇ ನಿಲ್ಲುತ್ತದೆ. ಅಂಥ ನೆಲದಲ್ಲಿ ವಾರವಾರ ಪಾಸ್ ಕೊಟ್ಟು ಆಟ ಕಟ್ಟುವುದು ಎಂಥ ಕೆಲಸ ಅಂತ ಯೋಚಿಸಿ. ಎಲ್ಲಿ ಎತ್ತಿ ಹೊಡೆಯಬೇಕು, ಎಲ್ಲಿ ನೆಲದಲ್ಲಿ ಬಿಡಬೇಕು, ನೀರು ಎಲ್ಲಿದೆ, ಹುಲ್ಲು ಎಲ್ಲಿದೆ, ಇದೆಲ್ಲ ಆಟ ಶುರುವಾಗುವ ಮೊದಲೇ ಮಧ್ಯದವನ ತಲೆಯಲ್ಲಿ ಇರಬೇಕು. ಫಾರ್ವರ್ಡ್ ಮೂರು ಸಲ ಜಾರಿ ಬಿದ್ದು ನಾಲ್ಕನೇ ಸಲ ಗೋಲು ಹೊಡೆದರೆ ಹೀರೋ. ಮಧ್ಯದವನು ಒಂದು ಸಲ ಜಾರಿದರೆ ನಮ್ಮ ಕಡೆ ಗೋಲು.

ವಿರಾಜಪೇಟೆ ಗ್ಯಾಲರಿ

ಹಾಫ್ ಅಂಕಲ್ ಹೇಳಿದ್ದು ಓದಿ ನನ್ನ ಮೊದಲಿನ ಮಾತಿಗೆ ಇನ್ನೊಂದು ಸೇರಿಸಬೇಕು ಅನಿಸಿತು. ಜೆಸಿಟಿಯಲ್ಲಿ ವಿಜಯನ್ ಅಷ್ಟು ಸ್ವತಂತ್ರವಾಗಿ ತಿರುಗಾಡಿ ಆಡಲು ಆದದ್ದು ಹಿಂದೆ ಯಾರೋ ಜಾಗ ಕಾಯುತ್ತಿದ್ದರು ಅಂತಲೇ. ಸುಖ್ವಿಂದರ್ ಸಿಂಗ್ ಕೋಚ್ ಆಗಿದ್ದ ಆ ತಂಡದ ಬಗ್ಗೆ ಮಲಯಾಳಂ ಪೇಪರಿನವರು ಬರೆದಾಗಲೆಲ್ಲ ವಿಜಯನ್, ಭುಟಿಯಾ, ಚಾಪ್ಮನ್ ಮೂರು ಹೆಸರನ್ನೂ ಒಟ್ಟಿಗೇ ಬರೆಯುತ್ತಿದ್ದರು. ಮೂವರಲ್ಲಿ ಒಬ್ಬರು ಸಿಕ್ಕಿಂನ ಹಳ್ಳಿಯಿಂದ ಬಂದು 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್‌ಗೆ ಹೋದರು, ಒಬ್ಬರು ತ್ರಿಶ್ಶೂರಿನ ದಂತಕಥೆಯಾದರು. ಮೂರನೆಯವರ ಊರಿಗೆ ನಾವು ಇಷ್ಟು ಹತ್ತಿರ ಇದ್ದೂ ನಮ್ಮ ಮಕ್ಕಳಿಗೆ ಹೇಳಲಿಲ್ಲ. ಇದು ನನಗೆ ನಿಜವಾಗಿಯೂ ಬೇಸರ.

ಇನ್ನೊಂದು ವಿಷಯ ಎಷ್ಟು ಜನರಿಗೆ ಗೊತ್ತೋ. ಆಟ ಬಿಟ್ಟ ಮೇಲೆ ಚಾಪ್ಮನ್ ಟಾಟಾ ಅಕಾಡೆಮಿಯಲ್ಲಿ ಕೋಚ್ ಆಗಿದ್ದರು, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ತಂಡವನ್ನೂ ತರಬೇತುಗೊಳಿಸಿದರು. ಕೊನೆಯ ವರ್ಷಗಳಲ್ಲಿ ಕಲ್ಲಿಕೋಟೆಯ ಒಂದು ಅಕಾಡೆಮಿಯ ತಾಂತ್ರಿಕ ನಿರ್ದೇಶಕರು. ನಮ್ಮ ಕುಟ್ಟದಿಂದ ಮಾನಂದವಾಡಿ ದಾಟಿ ಘಾಟಿ ಇಳಿದರೆ ಕಲ್ಲಿಕೋಟೆ! ನಮ್ಮ ಎಷ್ಟೋ ಟೂರ್ನಿಗಳಿಗೆ ಆ ಕಡೆಯಿಂದ ತಂಡಗಳು ಬರುತ್ತವೆ. ಒಂದು ಮಾತು ಕರೆದಿದ್ದರೆ ಬರುತ್ತಿದ್ದರೋ ಏನೋ.

ಕುಶಾಲನಗರ 23

ಅಣ್ಣಂದಿರೇ, ಓದುತ್ತಿದ್ದೇನೆ. ಫಿಫಾ ಪಟ್ಟಿಯ ವಿಷಯ, ಇರಾಕಿನ ವಿಷಯ ಎರಡೂ ನನಗೆ ಹೊಸದು. ಆದರೂ ಅರ್ಜುನ ಪ್ರಶಸ್ತಿ ಬಗ್ಗೆ ಯಾರೂ ಹೇಳಲಿಲ್ಲ. ಭುಟಿಯಾಗೆ ಬಂತು, ವಿಜಯನ್‌ಗೆ ಬಂತು. ಇವರಿಗೆ ಯಾಕೆ ಇಲ್ಲ?

ಗೌತಮಪುರದ ಅಳಿಯ

ಆ ಕಾಲದಲ್ಲಿ ಫುಟ್‌ಬಾಲಿಗೆ ಅರ್ಜುನ ಬರುವುದೇ ಅಪರೂಪವಾಗಿತ್ತು. 89ರ ಆಸುಪಾಸಿನಲ್ಲಿ ಒಬ್ಬರಿಗೆ ಕೊಟ್ಟ ಮೇಲೆ 97ರಲ್ಲಿ ಗೋವಾದ ಗೋಲ್‌ಕೀಪರ್ ಬ್ರಹ್ಮಾನಂದ್ ಅವರಿಗೆ ಬಂತು. ಆಮೇಲೆ ಭುಟಿಯಾ, ಬ್ರೂನೊ ಕೂಟಿನ್ಹೊ, ದೀಪಕ್ ಮಂಡಲ್, ವಿಜಯನ್. ನೋಡು, ಒಬ್ಬರು ಗೋಲ್‌ಕೀಪರ್, ದೀಪಕ್ ಮಂಡಲ್ ಡಿಫೆಂಡರ್, ಉಳಿದವರು ಗೋಲು ಹೊಡೆಯುವವರು. ಸುಂಟಿಕೊಪ್ಪದ ಅಣ್ಣ ಮೊದಲು ಹೇಳಿದ್ದು ಇಲ್ಲೂ ಕಾಣುತ್ತದೆ. ಗೋಲು ತಡೆದವರೂ ಹೊಡೆದವರೂ ಕಂಡರು, ನಡುವೆ ಆಟ ನಡೆಸಿದವರು ಕಾಣಲಿಲ್ಲ.

ಸೋಮವಾರಪೇಟೆ ಪಿಟಿ ಟೀಚರ್

ನನ್ನ ಅನುಭವದಿಂದ ಒಂದು ವಿಷಯ ಹೇಳಲೇಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಯಾರು ಎಲ್ಲಿ ಆಡ್ತೀರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, ಫಾರ್ವರ್ಡ್. ಗೋಲ್‌ಕೀಪರ್ ಆಗುತ್ತೇನೆ ಅನ್ನುವವರಾದರೂ ಒಬ್ಬಿಬ್ಬರು ಸಿಗುತ್ತಾರೆ, ಮಧ್ಯದಲ್ಲಿ ಆಡುತ್ತೇನೆ ಅಂತ ಕೇಳಿಕೊಂಡು ಬರುವ ಮಗು ಅಪರೂಪ. ನನಗನಿಸುವುದು, ಇದಕ್ಕೆ ನಮ್ಮ ಸೆವೆನ್ಸ್ ಟೂರ್ನಿಗಳೂ ಕಾರಣ. ಚಿಕ್ಕ ಗ್ರೌಂಡ್, ಏಳು ಜನ. ಗೋಲ್‌ಕೀಪರ್ ಎತ್ತಿ ಎಸೆದರೆ ಚೆಂಡು ನೇರ ಎದುರು ಗೋಲಿನ ಹತ್ತಿರ. ಮಧ್ಯ ಅನ್ನುವ ಜಾಗವೇ ಅಲ್ಲಿ ಹುಟ್ಟುವುದಿಲ್ಲ. ಸೆವೆನ್ಸ್‌ನಲ್ಲೇ ಬೆಳೆದ ಹುಡುಗ ದೊಡ್ಡ ಗ್ರೌಂಡಿಗೆ ಹೋದಾಗ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಒದ್ದಾಡುತ್ತಾನೆ. ಜಿಲ್ಲಾ ಮಟ್ಟದ ಆಯ್ಕೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನು ಕಣ್ಣಾರೆ ನೋಡಿದ್ದೇನೆ.

ವಿರಾಜಪೇಟೆ ಗ್ಯಾಲರಿ

ಟೀಚರ್, ಸೆವೆನ್ಸ್ ಬಗ್ಗೆ ಹಾಗೆ ಹೇಳಬೇಡಿ. ಇಕ್ಕಟ್ಟಿನಲ್ಲಿ ಚೆಂಡು ಕಾಲಲ್ಲಿ ಇಟ್ಟುಕೊಳ್ಳುವುದು, ಎದುರಿಗೆ ಇಬ್ಬರು ಬಂದಾಗ ಹೆದರದೆ ತಿರುಗುವುದು, ಇದನ್ನೆಲ್ಲ ಕಲಿಸುವುದು ಅದೇ ಆಟ. ಮಲಬಾರಿನ ಎಷ್ಟೋ ದೊಡ್ಡ ಆಟಗಾರರು ಅಲ್ಲಿಂದಲೇ ಬಂದವರು. ರಾತ್ರಿ ದೀಪ ಹಾಕಿ ಆಡಿಸಿದರೆ ಸಾವಿರಾರು ಜನ ಸೇರುತ್ತಾರೆ, ಆ ಜನರೇ ಫುಟ್‌ಬಾಲನ್ನು ಉಳಿಸಿದ್ದು. ನಮ್ಮ ಕಡೆ ಕಾಫಿ ಕೊಯ್ಲು ಮುಗಿಸಿದ ತೋಟದ ಹುಡುಗರಿಗೆ ಹನ್ನೊಂದು ಹನ್ನೊಂದು ಜನ ಸೇರಿಸಲು ಎಲ್ಲಿ ಆಗುತ್ತದೆ? ದೊಡ್ಡ ಗ್ರೌಂಡ್ ಎಲ್ಲಿದೆ? ಏಳು ಜನ ಸಿಕ್ಕಿದರೆ ಒಂದು ತಂಡ. ಅದನ್ನೂ ಬೇಡ ಅಂದರೆ ಆಟವೇ ಇಲ್ಲ.

ಸೋಮವಾರಪೇಟೆ ಪಿಟಿ ಟೀಚರ್

ಬೇಡ ಅನ್ನಲಿಲ್ಲ ಸರ್. ಕಾಲಿನ ಕೈಚಳಕಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ, ಒಪ್ಪುತ್ತೇನೆ. ಅದೊಂದೇ ಸಾಲದು ಅಂತ ನನ್ನ ಮಾತು. ಚಾಪ್ಮನ್ ಸರ್ ಹತ್ತೊಂಬತ್ತರ ವಯಸ್ಸಿಗೆ ಅಕಾಡೆಮಿ ಸೇರಿ ದೊಡ್ಡ ಗ್ರೌಂಡಿನಲ್ಲಿ ವರ್ಷಗಟ್ಟಲೆ ಕಲಿತರು. ನಮ್ಮ ಮಕ್ಕಳಿಗೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ವಾರಕ್ಕೆ ಒಂದು ದಿನವಾದರೂ ಪೂರ್ತಿ ಗ್ರೌಂಡಿನಲ್ಲಿ ಇಲೆವೆನ್ಸ್ ಆಡುವ ಅವಕಾಶ ಬೇಕು.

ನಾನು ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ, ಬೇಕಾದವರು ಮಾಡಿಸಿ ನೋಡಿ. ಆರು ಆರು ಜನರ ಎರಡು ತಂಡ, ಗೋಲ್ ಪೋಸ್ಟ್ ಬೇಡ. ನಡುವೆ ಒಬ್ಬರಿಗೆ ಬೇರೆ ಬಣ್ಣದ ಬನಿಯನ್. ಚೆಂಡು ಯಾವ ತಂಡದ ಹತ್ತಿರ ಇದೆಯೋ ಆ ಮಗು ಆ ತಂಡಕ್ಕೆ ಆಡಬೇಕು. ಎಂಟು ಪಾಸ್ ಆದರೆ ಒಂದು ಪಾಯಿಂಟ್, ಆದರೆ ಅದರಲ್ಲಿ ಎರಡು ಪಾಸ್ ನಡುವಿನ ಮಗುವಿನ ಕಾಲಿನಿಂದ ಹೋಗಿರಲೇಬೇಕು. ಹತ್ತು ನಿಮಿಷದೊಳಗೆ ಎಲ್ಲ ಮಕ್ಕಳೂ ಆ ಬನಿಯನ್ ನನಗೆ ಬೇಕು ಅಂತ ಜಗಳ ಶುರು ಮಾಡುತ್ತಾರೆ. ಚೆಂಡು ಬರುವ ಮೊದಲು ಭುಜದ ಮೇಲಿಂದ ಹಿಂದೆ ನೋಡುವುದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ನನ್ನ ಶಾಲೆಯಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಆಡುವುದು ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ.

ಹಳೇ ರೈಟ್ ಹಾಫ್

ಟೀಚರಮ್ಮ, ಇದೇ ಅಭ್ಯಾಸವನ್ನು ಹಾಕಿಯಲ್ಲೂ ಮಾಡಿಸಬಹುದು. ನಮ್ಮ ಮಕ್ಕಳ ಮೇಲೆ ಈ ಭಾನುವಾರವೇ ಪ್ರಯೋಗ ಮಾಡುತ್ತೇನೆ. ಆ ಹುಡುಗಿಯನ್ನು ಬಿಡಬೇಡಿ. ಅಂಥ ಕಣ್ಣು ಹುಟ್ಟಿನಿಂದ ಬರುತ್ತದೆ, ಆದರೆ ಯಾರಾದರೂ ನೋಡಿ ಹೇಳದಿದ್ದರೆ ಅವಳಿಗೇ ಗೊತ್ತಾಗುವುದಿಲ್ಲ.

ಕಾಫಿ ಕಣ

ನನ್ನದೊಂದು ಸಲಹೆ. ನಮ್ಮ ಟೂರ್ನಿಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ, ಬೆಸ್ಟ್ ಗೋಲ್‌ಕೀಪರ್‌ಗೆ ಟ್ರೋಫಿ ಕೊಡುತ್ತೇವೆ. ಬೆಸ್ಟ್ ಡಿಫೆಂಡರ್‌ಗೂ ಕೆಲವು ಕಡೆ ಇದೆ. ಅದೇ ಸಾಲಿನಲ್ಲಿ ಅತ್ಯುತ್ತಮ ಮಿಡ್‌ಫೀಲ್ಡರ್‌ಗೆ ಒಂದು ಟ್ರೋಫಿ, ಕಾರ್ಲ್ಟನ್ ಚಾಪ್ಮನ್ ನೆನಪಿನಲ್ಲಿ. ಮೈಕಿನಲ್ಲಿ ಅವರ ಬಗ್ಗೆ ಐದು ಮಾತು. ಖರ್ಚು ದೊಡ್ಡದೇನಲ್ಲ, ಮೊದಲ ವರ್ಷದ್ದು ನಾನು ಕೊಡುತ್ತೇನೆ.

ಕುಶಾಲನಗರ 23

ಎರಡನೇ ವರ್ಷದ್ದು ನಮ್ಮ ತಂಡದ ಹುಡುಗರೆಲ್ಲ ಸೇರಿ ಕೊಡುತ್ತೇವೆ. ಆದರೆ ಆರಿಸುವುದು ಯಾರು? ಗೋಲು ಎಣಿಸಬಹುದು, ಇದನ್ನು ಎಣಿಸಲು ಆಗುವುದಿಲ್ಲ. ಗಲಾಟೆ ಆಗುತ್ತದೆ.

ಹಳೇ ರೈಟ್ ಹಾಫ್

ಎಣಿಸುವುದು ಬೇಡ, ನೋಡಬೇಕು. ಗ್ಯಾಲರಿಯ ಮೇಲಿನ ಮೆಟ್ಟಿಲಿನಲ್ಲಿ ಇಬ್ಬರು ಹಿರಿಯರು ಕೂತರೆ ಸಾಕು. ಅವರು ಸೆಮಿಫೈನಲ್‌ನಿಂದ ಆಟ ನೋಡಲಿ. ಯಾವ ಹುಡುಗ ಹೊರಗೆ ಹೋದ ಕೂಡಲೇ ಆ ತಂಡದ ಆಟ ಒಡೆಯಿತು, ಅವನೇ. ನಾನು ಬರುತ್ತೇನೆ, ಇನ್ನೊಬ್ಬರು ಫುಟ್‌ಬಾಲ್ ಆಡಿದವರೇ ಇರಲಿ.

ಸುಂಟಿಕೊಪ್ಪ ಸೆಂಟರ್

ಇಷ್ಟು ಜನ ಇಷ್ಟು ಮನಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಟ್ರೋಫಿ ವಿಷಯ ನಮ್ಮೂರಿನ ಸಮಿತಿಯವರ ಮುಂದೆ ಇಡುತ್ತೇನೆ. ಅವರ ಕುಟುಂಬದವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ, ಅದನ್ನು ಗೌತಮಪುರದ ಅಳಿಯಂದಿರು ಬೆಂಗಳೂರಿನ ಹಿರಿಯ ಆಟಗಾರರ ಮೂಲಕ ವಿಚಾರಿಸಿ ಹೇಳಬೇಕು. ವಿರಾಜಪೇಟೆಯವರು ಜೆಸಿಟಿ ಕಾಲದ ಮಲಯಾಳಂ ಪೇಪರಿನ ತುಂಡುಗಳು ಮನೆಯಲ್ಲಿದ್ದರೆ ಫೋಟೊ ತೆಗೆದು ಇಲ್ಲೇ ಹಾಕಿ, ಕನ್ನಡಕ್ಕೆ ಬರೆದುಕೊಡಲು ನಾನಿದ್ದೇನೆ.

ಟೀಚರ್ ಕೇಳಿದ ಇಲೆವೆನ್ಸ್ ವಿಷಯ ಮಾತ್ರ ಟ್ರೋಫಿಗಿಂತ ಕಷ್ಟ, ಟ್ರೋಫಿಗಿಂತ ದೊಡ್ಡದು. ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆಯೊಳಗೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ನಾಲ್ಕು ಭಾನುವಾರ ಪೂರ್ತಿ ಗ್ರೌಂಡ್ ಬೇಕು. ಸೋಮವಾರಪೇಟೆ, ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ಒಂದೊಂದು ತಂಡ ಬಂದರೂ ಸಾಕು. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯವರು ಯಾರಾದರೂ ಇದ್ದರೆ ಹೇಳಿ, ನಿಮ್ಮಲ್ಲಿ ಭಾನುವಾರ ಬೆಳಗ್ಗೆ ಹಾಕಿಯವರಿಂದ ಬಿಡುವಾಗುವ, ಪೋಸ್ಟ್ ಹಾಕಲು ಒಪ್ಪುವ ಗ್ರೌಂಡ್ ಯಾವುದಿದೆ?